ಹಜಾರದ ತುಂಬ ಮದ್ದೂರು

ಅಳತೆ ಎನ್ನುವುದು ನನಗೆ ಎಂದೂ ಒಲಿಯಲಿಲ್ಲ. ಮಳವಳ್ಳಿ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ಇದ್ದದ್ದು ಒಂದೇ ಅಳತೆ ಪಟ್ಟಿ. ಅದನ್ನು ಮೇಷ್ಟ್ರು ಗೆರೆ ಎಳೆಯುವುದಕ್ಕಿಂತ ನಮ್ಮ ಅಂಗೈಗೆ ಹೆಚ್ಚು ಬಳಸುತ್ತಿದ್ದರು. ಈಗಲೂ ಪಟ್ಟಿ ಕಂಡರೆ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಉಪ್ಪು ಚಿಟಿಕೆಯಲ್ಲಿ, ಹೂವು ಮೊಳದಲ್ಲಿ, ರಂಗೋಲಿ ಚುಕ್ಕಿಯಲ್ಲಿ. ಇಷ್ಟರಲ್ಲೇ ಸಂಸಾರ ಮಾಡಿ ಮುಗಿಸಿದೆ. ನಿನ್ನೆ ಮೊಮ್ಮಕ್ಕಳು ನೀವಿಬ್ಬರೂ ಆಟದ ಕೋಟೆಯ ನಕ್ಷೆಯನ್ನು ಪ್ರಿಂಟ್ ತೆಗೆದು, ಚೌಕ ಇಂಚಿಗಿಂತ ಚಿಕ್ಕದಾಯಿತು, ರಾಕ್ಷಸನ ಗೊಂಬೆ ಒಂದು ಕಾಲನ್ನು ಪಕ್ಕದ ಮನೆಯಲ್ಲಿಟ್ಟು ನಿಲ್ಲಬೇಕಾಯಿತು ಎಂದು ಮುಖ ಊದಿಸಿಕೊಂಡು ಕೂತಿದ್ದಿರಲ್ಲ, ಆಗ ನಾನು ಸೆರಗಿನೊಳಗೆ ನಕ್ಕೆ. ಕಾರಣವನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಿಮ್ಮ ತಾತ ಮದ್ದೂರಿನಲ್ಲಿ ಸರ್ಕಾರಿ ಗುಮಾಸ್ತರು. ನಿಮ್ಮ ಅಮ್ಮ ಸುಮಾಗೆ ಒಂಬತ್ತು ವರ್ಷ. ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡು, ತೊಡೆಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಹಜಾರದ ಮಂಚದ ಮೇಲೆ ಮಲಗಿದ್ದಳು. (ಮರ ಹತ್ತಿದ್ದು ಏಕೆಂದು ಅವಳನ್ನೇ ಕೇಳಿ, ನನಗೆ ಹೇಳಿದ ಕಾರಣವನ್ನು ನಾನು ಇವತ್ತಿಗೂ ನಂಬಿಲ್ಲ.) ಮೊದಲ ವಾರ ಗೆಳತಿಯರು ದಿನಾ ಬಂದರು. ಕುಂಟೆಬಿಲ್ಲೆ ಆಡಲಾರದವಳ ಹತ್ತಿರ ಅವರಾದರೂ ಎಷ್ಟು ದಿನ ಕೂತಾರು? ಯಾರೂ ಬರದಾದಾಗ ಸುಮಾ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಊಟಕ್ಕೆ ಕರೆದರೂ ಗೋಡೆಗೇ ಉತ್ತರ.

ಅದಕ್ಕೆ ನಾನೊಂದು ಆಟ ಹೂಡಿದೆ. ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಚುಕ್ಕಿ, ಒಂಬತ್ತು ಸಾಲು ಇಟ್ಟು, ಚೌಕ ಕೂಡಿಸಿ, ಒಳಗೆ ನಮ್ಮ ಮದ್ದೂರನ್ನೇ ಬರೆದೆ: ರೈಲು ಸ್ಟೇಷನ್, ಬಸ್ ಸ್ಟ್ಯಾಂಡ್, ಶಾಲೆ, ಆ ಹುಣಸೆ ಮರ. ಕವಡೆ ಹಾಕಿ ಕಾಯಿ ನಡೆಸುವುದು. ಬಳೆ ಚೂರು ಮೇಷ್ಟ್ರು, ಹುಣಸೆ ಬೀಜ ಬಸ್ ಕಂಡಕ್ಟರು. ನಮ್ಮ ಕಾಯಿ ಯಾರೋ ಅವರ ಹಾಗೇ ಮಾತಾಡಬೇಕು. ಸುಮಾ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಆದರೆ ಅವಳ ಹೊದಿಕೆ ತಾಕಿದಾಗಲೆಲ್ಲ ಅರ್ಧ ಮದ್ದೂರು ಅಳಿಸಿಹೋಗುತ್ತಿತ್ತು. "ಅಪ್ಪನ ಆಫೀಸಿನ ಪ್ಲಾನುಗಳ ಹಾಗೆ ಪ್ರಿಂಟ್ ಹಾಕಿಸಮ್ಮ. ಭಾನುವಾರ ಎಲ್ಲರನ್ನೂ ಕರೀತೀನಿ" ಎಂದಳು.

ಹಳೆ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆದು, ಮೂಲೆಯಲ್ಲಿ "ಒಂಬತ್ತು ಚುಕ್ಕಿ, ಒಂಬತ್ತು ಸಾಲು" ಎಂದು ನಮೂದಿಸಿ ನಿಮ್ಮ ತಾತನ ಕೈಗಿತ್ತೆ. ಮಂಡ್ಯದಲ್ಲಿ ಮನೆ ಪ್ಲಾನು ಬರೆದು ನೀಲಿ ಪ್ರಿಂಟ್ ತೆಗೆದುಕೊಡುವ ಅಂಗಡಿಯೊಂದಿತ್ತು. ಅಂಗಡಿಯವನು "ಎಷ್ಟು ದೊಡ್ಡದು ಬೇಕು ಸ್ವಾಮಿ?" ಎಂದನಂತೆ. ಹೆಂಡತಿ ಅದನ್ನು ಬರೆದೇ ಇಲ್ಲ ಎನ್ನಲು ಇವರಿಗೆ ಅಭಿಮಾನ ಅಡ್ಡ ಬಂತು. "ರಂಗೋಲಿ ಲೆಕ್ಕದಲ್ಲಿದೆ, ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ" ಎಂದು ಗತ್ತಿನಿಂದ ಹೇಳಿ ಬಂದರು. ತಪ್ಪು ನನ್ನದೇ. ರಂಗೋಲಿಯಲ್ಲಿ ಚುಕ್ಕಿ ಎಣಿಸಿದರೆ ಸಾಕು, ಅಗಲ ಅಂಗಳಕ್ಕೆ ಬಿಟ್ಟದ್ದು. ಅದನ್ನು ಯಾರು ಬರೆದಿಡುತ್ತಾರೆ? ಅಂಗಡಿಯವನು ತನ್ನ ಹೆಂಡತಿಯನ್ನು ಕೇಳಿದ. ಆ ಪುಣ್ಯಾತ್ಗಿತ್ತಿಯ ಅಂಗಳ ದೊಡ್ಡದಿತ್ತೆಂದು ಕಾಣುತ್ತದೆ, "ಚುಕ್ಕಿಯಿಂದ ಚುಕ್ಕಿಗೆ ಒಂದು ಗೇಣು" ಎಂದುಬಿಟ್ಟಳು.

ಭಾನುವಾರ ಗೆಳತಿಯರೆಲ್ಲ ಬಂದು ನಿಂತಮೇಲೆ ಸುರುಳಿ ಬಿಚ್ಚಿದೆವು. ಎರಡು ಹಾಳೆ ಅಂಟಿಸಿ ಮಾಡಿದ ಆ ಮದ್ದೂರು ಮಂಚದ ಕಾಲಿನಿಂದ ಹೊರಟು ಅಡುಗೆಮನೆ ಹೊಸಲಿಗೆ ಬಂದು ನಿಂತಿತು. ನಿಮ್ಮ ತಾತ ಒಮ್ಮೆ ನೋಡಿ, "ಸಾಹೇಬರ ಮನೆ ತನಕ ಹೋಗಿ ಬರ್ತೀನಿ" ಎಂದು ಜಾರಿಕೊಂಡರು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಸುಮಾ ಹೊದಿಕೆ ಮೇಲೆಳೆದುಕೊಂಡಳು. ಇನ್ನೊಂದು ಕ್ಷಣಕ್ಕೆ ಗೋಡೆ.

ಅಷ್ಟರಲ್ಲಿ ಪಕ್ಕದ ಕೊಪ್ಪದಿಂದ ಹಾಲು ತರುವ ಕೆಂಪಮ್ಮ ಒಳಗೆ ಬಂದಳು. "ಅಯ್ಯೋ ನಮ್ಮವ್ವ, ಇದೇನು ಆಟದ್ ಹಾಳೆನೋ, ರಾಗಿ ಒಣಗಾಕೋ ಟರ್ಪಾಲೋ?"

"ಅಳತೆ ತಪ್ಪಿತು ಕೆಂಪಮ್ಮ. ಇದರ ಮೇಲೆ ಕಾಯಿ ಕಾಣೋದೇ ಇಲ್ಲ" ಎಂದೆ.

"ಕಾಯಿ ಕಾಣ್ದಿದ್ರೆ ಬುಡಿ ಅತ್ಲಾಗೆ. ನಾನ್ ಕಾಣಾಕಿಲ್ವಾ?" ಎಂದವಳೇ ಕಾಲು ಒರೆಸಿಕೊಂಡು ಶಾಲೆಯ ಮೇಲೆ ನಿಂತಳು. "ಆಕು ಮಗಾ ಕವ್ಡೆಯ. ನಾನ್ ಮೇಷ್ಟ್ರು ಕಣವ್ವ. ಲೇ, ಮಗ್ಗಿ ಏಳ್ರೇ!"

ಸುಮಾ ನಕ್ಕಳು. ಎಷ್ಟೋ ದಿನದ ಮೇಲೆ. ಹುಡುಗಿಯರು ಒಬ್ಬೊಬ್ಬರಾಗಿ ಚೌಕ ಹಿಡಿದರು. "ಅಮ್ಮ, ನೀನು ಕಂಡಕ್ಟರು. ಬಸ್ ಸ್ಟ್ಯಾಂಡಲ್ಲಿ ನಿಂತು ಕೂಗು."

ನಾನು! ಭಾವನವರು ಬಂದರೆ ಬಾಗಿಲ ಹಿಂದಿನಿಂದ ಕಾಫಿ ಲೋಟ ನೂಕುತ್ತಿದ್ದವಳು. "ಮಂಡ್ಯ" ಎಂದು ಪಿಸುಗುಟ್ಟಿದೆ.

"ಕೇಳಿಸಲಿಲ್ಲ. ಬಸ್ಸು ಹೊರಡಲ್ಲ."

"ಇಂಗ್ ಪಿಸ್ ಅಂದ್ರೆ ಬಸ್ಸಿಗೆ ನೊಣಾನೂ ಅತ್ತಾಕಿಲ್ಲ ಕಣವ್ವ" ಎಂದಳು ಕೆಂಪಮ್ಮ.

ಮಗಳು ಮತ್ತೆ ಗೋಡೆಗೆ ತಿರುಗಿಯಾಳೆಂದು ಹೆದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, "ಮಂಡ್ಯಾ ಮಂಡ್ಯಾ ಮಂಡ್ಯಾ! ಯಾರ್ರೀ ಮಂಡ್ಯಾ!" ಎಂದು ಕಿರುಚಿದೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ನಿಮ್ಮ ತಾತ. ಪಕ್ಕದಲ್ಲಿ, ಮಗುವನ್ನು ನೋಡಿ ಹೋಗಲು ಬಂದ ಅವರ ಸಾಹೇಬರು. ಸಾಹೇಬರು ಗಂಭೀರವಾಗಿ ಚಪ್ಪಲಿ ಬಿಟ್ಟು, "ಎರಡು ಟಿಕೆಟ್ ಕೊಡಿಯಮ್ಮ" ಎಂದರು. ಓಡಿಹೋಗೋಣವೆಂದರೆ ಅಡುಗೆಮನೆ ಹುಣಸೆ ಮರದ ಆಚೆ ಇತ್ತು. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಪ್ಲಾಸ್ಟರ್ ಬಿಚ್ಚುವವರೆಗೂ ಗೆಳತಿಯರು ಒಂದು ದಿನವೂ ತಪ್ಪಿಸಲಿಲ್ಲ. ಹಾಳೆ ಮೊದಲು ಹರಿದದ್ದು ಬಸ್ ಸ್ಟ್ಯಾಂಡಿನಲ್ಲಿ, ನನ್ನ ಹಿಮ್ಮಡಿಯ ಕೆಳಗೆ.

ನಿಮ್ಮ ಚೌಕ ಇವತ್ತು ಸರಿಯಾಗಿ ಒಂದು ಇಂಚು ಬರಲಿ, ಮಕ್ಕಳೇ. ತಪ್ಪಲಿ ಎಂದು ಹಾರೈಸುವಷ್ಟು ಕೆಟ್ಟವಳಲ್ಲ ನಾನು. ಅಕಸ್ಮಾತ್ ಗೇಣು ಬಂದರೆ ಮಾತ್ರ ಹಾಳೆ ಹರಿದು ಹಾಕಬೇಡಿ, ನನ್ನನ್ನು ಕರೆಯಿರಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಿದ್ದೇನೆ. ರಾಕ್ಷಸ ಹೇಗೆ ಕೂಗಬಹುದೆಂದು ಅಡುಗೆಮನೆ ಬಾಗಿಲು ಹಾಕಿಕೊಂಡು ಎರಡು ಸಲ ಕೂಗಿಯೂ ನೋಡಿದ್ದೇನೆ.