ವಿಷ್ಣುಕ್ರಾಂತಿಗೆ ಹಾಕಿದ ಬೇಲಿ

೨೦೨೩ನೆಯ ಇಸವಿ; ನನಗಾಗ ಐವತ್ನಾಲ್ಕು ವರ್ಷ. ಆ ವಯಸ್ಸಿನಲ್ಲಿ ಮನುಷ್ಯ ಮೇಕೆಗಳೊಡನೆ ಜಗಳಕ್ಕೆ ನಿಲ್ಲಬಾರದು, ನಾನು ನಿಂತೆ. ಮೇಷ್ಟರ ಕೆಲಸ ಬಿಟ್ಟಿದ್ದರೂ ಶಿಸ್ತು ಕಲಿಸುವ ಚಟ ನನ್ನನ್ನು ಬಿಟ್ಟಿರಲಿಲ್ಲ.

ಚಿಕ್ಕಬಾಣಾವರದ ನಮ್ಮ ಬಾಡಿಗೆ ಮನೆಯ ಹಿಂದೆ, ಕಾರ್ಖಾನೆಯೊಂದರ ಗೋಡೆಗೆ ಅಂಟಿಕೊಂಡು, ಗರಸು ನೆಲದ ಖಾಲಿ ಸೈಟೊಂದಿದೆ. ಮಳೆ ಬಿದ್ದೊಡನೆ ಅಲ್ಲಿ ವಿಷ್ಣುಕ್ರಾಂತಿ ಅರಳುತ್ತಿತ್ತು: ನೆಲಕ್ಕೊರಗಿದ ಗಿಡ, ಅಂಗಿಯ ಗುಂಡಿಯಷ್ಟೂ ಅಗಲವಿಲ್ಲದ ನೀಲಿ ಹೂ, ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುವ ನಾಚಿಕೆ. ಸೈಟು ಮನೆಯೊಡತಿ ಮುನಿಯಮ್ಮನವರದು. ಅವರ ರಾಗಿ ಹೊಲವೆಲ್ಲ ಬಾಡಿಗೆ ಕಟ್ಟಡಗಳಾದರೂ ಮೇಕೆಗಳು ಮಾತ್ರ ಉಳಿದುಕೊಂಡು, ದಿನವೂ ಅಲ್ಲಿಯೇ ಮೇಯುತ್ತಿದ್ದವು.

“ನಿಮ್ಮ ಮೇಕೆಗಳು ಹೂವನ್ನು ತುಳಿಯುತ್ತಿವೆ” ಎಂದು ಆಕ್ಷೇಪಿಸಿದೆ.

“ಮೇಕೆಗೇನ್ ಗೊತ್ತು ಸಾರ್, ಅದೇನ್ ಇಸ್ಕೂಲ್‌ಗೋಗೈತಾ? ಬೇಕಾದ್ರೆ ಬೇಲಿ ಆಕ್ಕಳಿ” ಎಂದರು ಮುನಿಯಮ್ಮ.

ಹಾಕಿದೆ. “ಮೇಕೆಗಳ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.” ಎಂಬ ಫಲಕವನ್ನೂ ತೂಗುಹಾಕಿದೆ, ಪೂರ್ಣವಿರಾಮ ಸಹಿತ. “ರೀ, ಅವಕ್ಕೆ ಪರೀಕ್ಷೆ ಯಾವಾಗ?” ಎಂದಳು ಹೆಂಡತಿ.

ಮರುವರ್ಷದ ಮಳೆಗೆ, ನನ್ನ ಸಾಧನೆಯನ್ನು ತೋರಿಸಲೆಂದು ವಾಕಿಂಗ್ ಗೆಳೆಯರನ್ನು ಕರೆದೊಯ್ದೆ. ಬೇಲಿಯೊಳಗೆ ಸೊಂಟದೆತ್ತರ ಹುಲ್ಲು. ಒಂದೇ ಒಂದು ನೀಲಿ ಹೂವಿಲ್ಲ.

“ಮೇಷ್ಟ್ರೇ, ಹುಲ್ಲಿಗ್ಯಾಕ್ರೀ ಬೇಲಿ? ಸಕ್ಕತ್ತಾಗಿ ಬೆಳ್ಸಿದೀರ!” ಎಂದು ಗೆಳೆಯರು ನಕ್ಕರು.

ಬೇಲಿಯ ಹೊರಗೆ, ಮೇಕೆಗಳು ಓಡಾಡಿ ಸವೆಸಿದ ದಾರಿಯಂಚಿನಲ್ಲಿ, ನಾಲ್ಕಾರು ಹೂಗಳು ಆರಾಮವಾಗಿ ಅರಳಿದ್ದವು. ಮೇಕೆಗಳು ಹುಲ್ಲು ಮೇಯುತ್ತಿದ್ದುದರಿಂದಲೇ ಈ ಗಿಡ್ಡ ಗಿಡಕ್ಕೆ ಬಿಸಿಲು ದಕ್ಕುತ್ತಿತ್ತು. ಹೂವಿನ ತೋಟಗಾರರನ್ನೇ ನಾನು ಓಡಿಸಿದ್ದೆ. ಗೆಳೆಯರ ನಗೆಗಿಂತ ಆ ಹೂಗಳ ನೆಮ್ಮದಿಯೇ ನನಗೆ ಹೆಚ್ಚು ನಾಚಿಕೆ ತರಿಸಿತು.

ಅಂದೇ ಬೇಲಿ ಕಿತ್ತೆ. ಆದರೆ ವರ್ಷವಿಡೀ ನನ್ನಿಂದ ಗದರಿಸಿಕೊಂಡಿದ್ದ ಮೇಕೆಗಳು ಬೇಲಿಯಿದ್ದ ಜಾಗದೊಳಕ್ಕೆ ಕಾಲಿಡಲಿಲ್ಲ. ತಲೆ ತಗ್ಗಿಸಿಕೊಂಡು ಮುನಿಯಮ್ಮನವರ ಬಾಗಿಲಿಗೆ ಹೋದೆ.

“ಓಡಿಸ್ದೋರು ನೀವೇ ತಾನೇ? ನೀವೇ ಕರ್ಕೊಂಡೋಗಿ ಸಾರ್. ಆದ್ರೆ ಉಸಾರು, ಕರೀದಕ್ಕೆ ನಿಮ್ ಮುಖ ಕಂಡ್ರಾಗಲ್ಲ.”

ಹಾಗೆ, ಕೈಯಲ್ಲಿ ಹಲಸಿನ ಸೊಪ್ಪು ಹಿಡಿದು, ದಿನಬೆಳಗಾದರೆ ನಾನು ಮೇಕೆಗಳ ಮುಂದೆ ನಡೆಯತೊಡಗಿದೆ. ಕಂಪನಿಯ ಬಸ್ಸಿಗೆ ಕಾಯುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೈಮುಗಿದ: “ನಮಸ್ಕಾರ ಸಾರ್! ಹೊಸ ಬ್ಯಾಚಾ?”

ಹುಲ್ಲು ತಗ್ಗಿತು. ಒಂದು ಬೆಳಿಗ್ಗೆ ಸೈಟಿನ ನಡುವೆ ಮೊದಲ ನೀಲಿ ಹೂ ಕಂಡಿತು. ಕನ್ನಡಕ ಸರಿಪಡಿಸಿಕೊಂಡು ಮೊಣಕಾಲೂರಿ ಬಗ್ಗಿದೆ; ಅಷ್ಟರಲ್ಲಿ ಕರಿಯ ಮೇಕೆ ಮೂತಿ ಚಾಚಿ ಅದನ್ನು ತಿಂದು, ನನ್ನ ಮುಖವನ್ನೇ ನೋಡುತ್ತಾ ಅಗಿಯಿತು. ಕೈಯಲ್ಲಿದ್ದ ಹಲಸಿನ ಸೊಪ್ಪನ್ನೂ ಅದರ ಮುಂದೆ ಚಾಚಿದೆ. ಅಂದು ಭಾನುವಾರ, ೨೦೨೪ರ ಆಗಸ್ಟ್ ೧೮; ಶಿಸ್ತಿಗೂ ರಜೆ.