ಮಿಸ್ ಸೇರಿದ ರಾಕ್ ಬ್ಯಾಂಡು

ನಮ್ಮ ಅತ್ತೆಗೆ ಅರವತ್ನಾಲ್ಕು ವರ್ಷ. ಅವರ ಅಭಿಮಾನಿಗಳಿಗೆ ಸರಾಸರಿ ಇಪ್ಪತ್ತೆರಡು. ಸರಾಸರಿ ತೆಗೆದದ್ದು ನಾನಲ್ಲ, ಸ್ವತಃ ಅವರೇ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಈ ಹನುಮಂತನಗರದ ಹೆಂಗಸು ಈಗ ಒಂದು ರಾಕ್ ಬ್ಯಾಂಡಿನಲ್ಲಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೂ ಪರವಾಗಿಲ್ಲ. ನಮ್ಮ ಮನೆಯವರೇ ಇನ್ನೂ ಪೂರ್ತಿ ನಂಬಿಲ್ಲ.

ಶುರುವಾದದ್ದು ಅವರ ಮಹಡಿ ಮೇಲಿನ ಕೋಣೆಯಲ್ಲಿ. ಬಾಡಿಗೆಗೆ ಬಂದ ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಇಟ್ಟುಕೊಂಡು ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದರು. ಒಂದು ಸಂಜೆ ಅತ್ತೆ ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಮೆಟ್ಟಿಲು ಹತ್ತಿದರು. ಹುಡುಗರು ಬಾರಿಸುವುದನ್ನು ನಿಲ್ಲಿಸಿದರು.

"ಸಾರಿ ಆಂಟಿ, ಸೌಂಡ್ ಕಮ್ಮಿ ಮಾಡ್ತೀವಿ" ಎಂದ ಡ್ರಮ್ಮರ್.

"ಸೌಂಡ್ ಇರ್ಲಿ ಕಣೋ. ಏಳರ ಲೆಕ್ಕ ಹಿಡಿದು, ಮೂರನೇ ಸುತ್ತಲ್ಲಿ ಅರ್ಧ ಏಟು ನುಂಗ್ತೀಯಲ್ಲ, ಅದೆಲ್ಲಿ ಹೋಗತ್ತೆ?"

ಹಾಗೆಂದವರು ಸೌಟಿನಿಂದ ಬಾಗಿಲಿಗೆ ತಾಳ ಹಾಕುತ್ತಾ "ತಕಿಟ ತಕಧಿಮಿ" ಎಂದು ಜತಿ ಹೇಳಿ ತೋರಿಸಿದರು. ಬಾಯಲ್ಲೇ ಮೃದಂಗ ನುಡಿಸುವ ಈ ಕೊನ್ನಕ್ಕೋಲ್ ವಿದ್ಯೆಯನ್ನು ಅವರು ಚಿಕ್ಕಂದಿನಲ್ಲಿ ಚಾಮರಾಜಪೇಟೆಯ ಮೃದಂಗದ ಮೇಷ್ಟ್ರೊಬ್ಬರಲ್ಲಿ ಕಲಿತಿದ್ದರು. ಡ್ರಮ್ಮರ್ ಅವರ ಹಿಂದೆಯೇ ಬಾರಿಸಿದ. ಗಿಟಾರೂ ಸೇರಿತು. ಅಷ್ಟರಲ್ಲಿ ಕೆಳಗೆ ಒಲೆಯ ಮೇಲಿದ್ದ ಸಾರು ಬತ್ತಿ ತಳ ಹತ್ತಿತ್ತು. ಅತ್ತೆ ಅಡುಗೆ ಸೀಯಿಸಿದ್ದು ಅದೇ ಮೊದಲು. ಮಾವ ಇಂದಿಗೂ ಎಲ್ಲವನ್ನೂ ಸಾರು ಸೀಯುವುದಕ್ಕೆ ಮುಂಚೆ, ಸೀದ ಮೇಲೆ ಎಂದೇ ಲೆಕ್ಕ ಹಾಕುತ್ತಾರೆ.

ಅಂದಿನಿಂದ ಅತ್ತೆ ಹುಡುಗರಿಗೆ ಆಂಟಿ ಹೋಗಿ ಮಿಸ್ ಆದರು, ಬ್ಯಾಂಡಿಗೂ ಸೇರಿದರು. ಅದಕ್ಕೆ ಹೆಸರಿಟ್ಟವರೂ ಅವರೇ. "ನಮ್ದು ರಾಕು, ಜಾಜು, ತತ್ವಪದ, ಈಗ ನಿಮ್ಮ ಜತಿ, ಎಲ್ಲಾ ಸೇರಿದ್ದು, ಮಿಸ್" ಎಂದು ಹುಡುಗರು ವಿವರಿಸಿದರು.

"ಬೇರೆಬೇರೆ ಹುರಿದು ಒಟ್ಟಿಗೆ ಬೀಸೋದು ತಾನೆ? ಮೆಂತ್ಯದ ಹಿಟ್ಟು ಅನ್ನಿ, ಮುಗೀತು."

ಮೆಂತ್ಯದ ಹಿಟ್ಟಿನ ಮೊದಲ ಕಾರ್ಯಕ್ರಮ ಮೈಸೂರಿನಲ್ಲಿ. ಪೋಸ್ಟರ್ ನೋಡಿದ ಇಬ್ಬರು ಗೃಹಿಣಿಯರು ಸ್ಟೀಲ್ ಡಬ್ಬಿ ಹಿಡಿದು ಬಂದೇಬಿಟ್ಟರು. ಹಿಟ್ಟು ಸಿಗುವುದಿಲ್ಲ ಎಂದು ಗೊತ್ತಾದ ಮೇಲೂ ಎದ್ದು ಹೋಗದೆ, ಕೊನೆಯ ಹಾಡಿನವರೆಗೆ ಡಬ್ಬಿಯ ಮೇಲೆ ತಾಳ ಹಾಕಿದರು.

ದಾವಣಗೆರೆಯಲ್ಲಿ ಬ್ಯಾಂಡಿನ ಅದೃಷ್ಟ ತಿರುಗಿತು. ಅತ್ತೆ ಒಂದು ಜತಿ ಹೇಳುವುದು, ಸಭೆ ಅದನ್ನು ತಿರುಗಿ ಹೇಳುವುದು, ಥೇಟ್ ಮಗ್ಗಿ ಹೇಳಿಸಿದ ಹಾಗೆ. ನಡುವೆ ಅತ್ತೆ ಕೈಯೆತ್ತಿ ಹಾಡನ್ನೇ ನಿಲ್ಲಿಸಿದರು.

"ಹಿಂದಿನ ಸಾಲು ಬರೀ ತುಟಿ ಆಡಿಸ್ತಿದೆ. ನೀಲಿ ಶರ್ಟು, ಎದ್ನಿಂತ್ಕೊಂಡು ನೀನೊಬ್ನೇ ಹೇಳು."

ಪಾಪ, ನೀಲಿ ಶರ್ಟು ಎದ್ದು ನಿಂತ, ಬೆವರುತ್ತಾ ಹೇಳಿದ, ಒಂದಕ್ಷರ ತಪ್ಪದೆ ಹೇಳಿದ. ಅವನಿಗೆ ಬಿದ್ದಷ್ಟು ಚಪ್ಪಾಳೆ ಗಿಟಾರಿನವನಿಗೆ ಜನ್ಮದಲ್ಲಿ ಬಿದ್ದಿಲ್ಲ. ಆ ವಿಡಿಯೋ ಊರೂರು ಸುತ್ತಿತು. ಹಾಸನಕ್ಕೆ, ಶಿವಮೊಗ್ಗಕ್ಕೆ ಹೋದರೆ ಮಿಸ್ ತಮ್ಮನ್ನೇ ಎಬ್ಬಿಸಲಿ ಎಂದು ಹಿಂದಿನ ಸಾಲಿನ ತುಂಬ ನೀಲಿ ಶರ್ಟಿನವರೇ!

ಹೀಗಿರುವಾಗ, ತುಮಕೂರಿನಲ್ಲಿ ಅತ್ತೆ ಎರಡು ಸಲ ತಪ್ಪಿದರು. ಸಭೆ ತನ್ನ ಸರದಿ ಮುಗಿಸುವ ಮೊದಲೇ ಮುಂದಿನ ಜತಿ ಎತ್ತಿಕೊಂಡರು. ಡ್ರಮ್ಮರನ ಮುಖ ನೋಡಿ ಅವರಿಗೆ ತಪ್ಪು ತಿಳಿಯಿತು. ಮಾರನೆಯ ವಾರ ನನ್ನನ್ನು ಕರೆದುಕೊಂಡು ಕಿವಿ ಡಾಕ್ಟರ ಬಳಿ ಹೋದರು. ಎಡಗಿವಿ ಹೆಚ್ಚುಕಡಿಮೆ ಹೋಗಿತ್ತು. ಬಲಗಿವಿಯೂ ಮಂದವಾಗುತ್ತಿತ್ತು.

ಅಲ್ಲಿಂದ ಬಂದವರು ಸೀದಾ ಮಹಡಿ ಹತ್ತಿದರು. "ನಾಳೆಯಿಂದ ನಾನು ಬರಲ್ಲ ಕಣ್ರೋ. ಮಕ್ಕಳ ಉತ್ತರ ಕೇಳಿಸದ ಟೀಚರ್ರು ಕ್ಲಾಸ್ ತಗೋಬಾರ್ದು."

ಡ್ರಮ್ಮರ್ ಕೋಲುಗಳನ್ನು ಕೆಳಗಿಟ್ಟು ಹೇಳಿದ: "ಕೇಳಿಸದಿದ್ರೆ ಕಾಣಿಸೋ ಹಾಗೆ ಮಾಡ್ತೀವಿ ಮಿಸ್. ಭಾನುವಾರ ಒಂದ್ಸಲ ಬನ್ನಿ. ಆಮೇಲೆ ನಿಮ್ಮಿಷ್ಟ."

ಆ ಭಾನುವಾರ ಬೆಳಿಗ್ಗೆ ಬಸವನಗುಡಿಯ ಚಿಕ್ಕ ಸಭಾಂಗಣ ಕಿಕ್ಕಿರಿದಿತ್ತು. ಅತ್ತೆ ವೇದಿಕೆಗೆ ಬರುವ ಮೊದಲು ಡ್ರಮ್ಮರ್ ಮೈಕಿನ ಮುಂದೆ ನಿಂತ. "ನಮ್ಮ ಮಿಸ್‌ಗೆ ಈಗ ಕಿವಿ ಅಷ್ಟಾಗಿ ಕೇಳ್ಸಲ್ಲ. ನೀವು ಜತಿ ತಿರುಗಿ ಹೇಳುವಾಗ ಎಲ್ರೂ ಕೈ ಮೇಲೆತ್ತಿ ತಾಳ ಹಾಕಿ. ಹೇಳಿ ಮುಗಿದ ಮೇಲೆ ಕೈ ಇಳಿಸಿ. ಅಷ್ಟು ಸಾಕು."

ಅತ್ತೆ ಬಂದು ಮೊದಲ ಜತಿ ಹೇಳಿದರು. ಇಡೀ ಸಭೆಯ ಕೈಗಳು ಒಟ್ಟಿಗೆ ಮೇಲೆದ್ದು ತಾಳ ಹಾಕತೊಡಗಿದವು. ಅತ್ತೆ ಒಂದು ಗಳಿಗೆ ಹಾಗೇ ನೋಡುತ್ತಾ ನಿಂತರು. ಕೊನೆಯ ಕೈ ಇಳಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನದನ್ನು ಎತ್ತಿಕೊಂಡರು. ಅಂದು ಒಂದೂವರೆ ಗಂಟೆಯಲ್ಲಿ ಒಂದು ಕಡೆಯೂ ಲೆಕ್ಕ ತಪ್ಪಲಿಲ್ಲ.

ವೇದಿಕೆ ಇಳಿದು ಬಂದಾಗ ನಾನು ಅವರ ಪಕ್ಕದಲ್ಲಿ ನಿಂತು, "ತುಂಬಾ ಚೆನ್ನಾಗಿತ್ತು ಅತ್ತೆ" ಎಂದೆ.

ಅವರು ನನ್ನ ಕೈ ಹಿಡಿದು ತಮ್ಮ ಬಲಗಡೆಗೆ ಎಳೆದುಕೊಂಡರು.

"ಈ ಕಡೆ ಬಂದು ಹೇಳೇ" ಎಂದರು. "ಎರಡು ಸಲ ಹೇಳು."