ಗಡಿಗಲ್ಲು ಕಂಡ ಸಾಕ್ಷಿ

ನಾಲವಾರದ ದೇವಿಂದ್ರಪ್ಪನ ಬಾಯಿಗೆ ‘ಗೊತ್ತಿಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಮಜೀದಸಾಬ ತನ್ನ ಹೊಲದ ಹಳೆಯ ಗಡಿಗಲ್ಲು ಎಲ್ಲಿತ್ತೆಂದು ಕೇಳಿದಾಗ ಬೇವಿನ ಗಿಡದ ಬುಡಕ್ಕೆ ಎಂದಿದ್ದ. ಪಕ್ಕದ ಹೊಲದ ಗುರುಲಿಂಗಯ್ಯ ಕೇಳಿದಾಗ ಜಾಲಿಯ ಬುಡಕ್ಕೆ ಎಂದಿದ್ದ. ಎರಡರ ನಡುವೆ ಹದಿನಾಲ್ಕು ಮಾರು ನೆಲ; ಬೇವೆಂದರೆ ಅದು ಮಜೀದಸಾಬನದು, ಜಾಲಿಯೆಂದರೆ ಗುರುಲಿಂಗಯ್ಯನದು. ವ್ಯಾಜ್ಯ ಚಿತ್ತಾಪುರದ ಕಚೇರಿಗೆ ಹೋಯಿತು. ಇಬ್ಬರೂ ಸಾಕ್ಷಿಗೆ ಅವನ ಹೆಸರನ್ನೇ ಬರೆಸಿದರು.

ವಿಚಾರಣೆಯ ಪೇಶಿ ಬಿದ್ದದ್ದು ನಿಜಾಮರ ಕಾಲದ ಫಸಲಿ ೧೩೪೬ರ ತೀರ್ ತಿಂಗಳಲ್ಲಿ, ಬಿತ್ತನೆಗೆ ಸ್ವಲ್ಪ ಮೊದಲು.

“ಬೇವು ಅಂದ್ರ ನಾವು ಕುಡಿಯೂ ಗುರುಲಿಂಗಯ್ಯನವ್ರ ಬಾವಿ ನೀರು ಹೋಗ್ತದ, ಜಾಲಿ ಅಂದ್ರ ಬಿತ್ತಾಕ ಕೊಡೂ ಮಜೀದಸಾಬನ ಎತ್ತು ಹೋಗ್ತಾವ,” ಎಂದಳು ಹೆಂಡತಿ ಚಂದಮ್ಮ. “ಖರೇ ಕಲ್ಲು ಎಲ್ಲಿತ್ತು?”

“ನಾ ಹುಟ್ಟೂಕಿಂತ ಮೊದಲೇ ಕಿತ್ತಾರಂತ.”

“ಹಂಗಂತ ಹೇಳಬಾರದಿತ್ತೇನು?”

“ಹೇಳಿದ್ರ ಊರಾಗ ನನ್ನ ಕಿಮ್ಮತ್ತೇನು?”

ಚಿತ್ತಾಪುರಕ್ಕೆ ಹೋಗುವಾಗ ವಾಡಿಯಲ್ಲಿ ರೈಲುಗಾಡಿ ಬದಲಿಸುವ ಹೊತ್ತಿಗೆ ಗುರುಲಿಂಗಯ್ಯ ಚಹಾ ಕುಡಿಸಿ “ಜಾಲಿ” ಎಂದ. ಮಜೀದಸಾಬ ಭಜಿ ತಿನ್ನಿಸಿ “ಬೇವು” ಎಂದ. ಇಬ್ಬರ ನಡುವೆ ದೇವಿಂದ್ರಪ್ಪ ಗಾಣಕ್ಕೆ ಸಿಕ್ಕ ಕುಸುಬಿಯಾಗಿದ್ದ.

ಕಚೇರಿಯಲ್ಲಿ ಪ್ರಮಾಣವಾಯಿತು. ನ್ಯಾಯ ಹೇಳುವ ಮುನಸೀಫರ ಉರ್ದು ಪ್ರಶ್ನೆಯನ್ನು ಅವರ ಗುಮಾಸ್ತ ಪೇಶಕಾರ ಕನ್ನಡಕ್ಕೆ ತಂದ. “ಕಲ್ಲು ಎಲ್ಲಿತ್ತು? ಸುಳ್ಳಾಡಿದ್ರ ಜೇಲು.”

ದೇವಿಂದ್ರಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. “ನನಗ ಗೊತ್ತಿಲ್ರಿ. ನಾ ನೋಡಿಲ್ಲ. ನೋಡಿದವ್ರು ಯಾರೂ ಈಗ ಉಳದಿಲ್ಲ.”

ಬಿಗಿ ಚಪ್ಪಲಿ ಬಿಚ್ಚಿದಷ್ಟು ಹಾಯೆನಿಸಿತು.

ಮುನಸೀಫರು ಲೇಖನಿ ಕೆಳಗಿಟ್ಟರು. ಹನ್ನೊಂದು ವರ್ಷದಲ್ಲಿ ಯಾವ ಸಾಕ್ಷಿಯೂ ಹೀಗೆ ಹೇಳಿರಲಿಲ್ಲ. ಇಂಥ ಪ್ರಾಮಾಣಿಕನನ್ನು ಗಡಿ ತೀರ್ಮಾನಿಸುವ ಪಂಚನೆಂದು ಒಪ್ಪುತ್ತೀರಾ ಎಂದು ಇಬ್ಬರನ್ನೂ ಕೇಳಿದರು. ಎದುರಾಳಿಯ ಗಿಡದ ಹೆಸರು ಹೇಳದೆ ಇವನು ನನ್ನ ಪರವಾಗಿಯೇ ಉಳಿದ ಎಂದು ಒಬ್ಬೊಬ್ಬರೂ ತಮ್ಮೊಳಗೇ ಎಂದುಕೊಂಡು, ಇಬ್ಬರೂ ಒಪ್ಪಿದರು. ಬಿತ್ತನೆಯೊಳಗೆ ದೇವಿಂದ್ರಪ್ಪ ತೋರಿಸಿದ ಕಡೆ ಕಲ್ಲು ನೆಡಬೇಕೆಂದು ಹುಕುಂ ಆಯಿತು.

“ಸಾಹೇಬ್ರ, ನನಗ ಖರೇನೇ ಗೊತ್ತಿಲ್ರಿ.”

“ಅದಕ್ಕೇ ನಿನ್ನ ಆರಿಸ್ಯಾರ,” ಎಂದ ಪೇಶಕಾರ.

ಮರಳುವಾಗ ಗಾಡಿಯಲ್ಲಿ ಗುರುಲಿಂಗಯ್ಯ ಬಲಗಿವಿಯಲ್ಲಿ ಪಿಸುಗುಟ್ಟಿದ: “ಭಾಳ ಶಾಣ್ಯಾ ಇದ್ದಿ. ಗೊತ್ತಿದ್ದೂ ಗೊತ್ತಿಲ್ಲ ಅಂದಿ.” ಸ್ವಲ್ಪ ಹೊತ್ತಿಗೆ ಮಜೀದಸಾಬ ಎಡಗಿವಿಯಲ್ಲಿ ಅದನ್ನೇ ಹೇಳಿದ. ಗೊತ್ತಿಲ್ಲವೆಂದು ದೇವಿಂದ್ರಪ್ಪ ವಾಡಿಯ ತನಕ ಆಣೆ ಮಾಡಿದ. ಇಬ್ಬರೂ ಕಣ್ಣು ಮಿಟುಕಿಸಿದರು.

ಸಂಜೆ ಚಂದಮ್ಮ ಬಾಗಿಲಲ್ಲೇ ಕೇಳಿದಳು: “ನೀರು ಉಳೀತೋ, ಎತ್ತು ಉಳದ್ವೋ?”

“ಗೊತ್ತಿಲ್ಲ.”

ಆ ದಿನ ಊರಿನವರಲ್ಲಿ ಅವನ ಮಾತು ನಂಬಿದವಳು ಅವಳೊಬ್ಬಳೇ. ಮನೆಯಲ್ಲಿದ್ದ ಕೊಡಗಳನ್ನೆಲ್ಲ ಹೊರಗಿಟ್ಟು ಹೇಳಿದಳು: “ನಡೀರಿ, ಬಾವಿಯಿಂದ ಇವತ್ತೇ ನೀರು ತುಂಬಿ ಇಡೂಣು.”